ಪೊರೆಯ ದಾರಿಗಳನ್ನು ದಾಖಲಿಸುವ ಕೆಲಸ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ರಾಗಿ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೆಳೆ. ಮಳೆ ಕೈಕೊಟ್ಟ ದಿನಗಳಲ್ಲಿ ಗಿಡ ಎಷ್ಟು ತಾಳಿಕೊಂಡೀತು ಎಂಬುದು ಹಲವು ಸಂಗತಿಗಳನ್ನು ಅವಲಂಬಿಸಿದ್ದು, ಬೇರಿನ ಜೀವಕೋಶಗಳು ನೀರನ್ನು ಒಳಬಿಡುವ ಮತ್ತು ಹಿಡಿದಿಡುವ ರೀತಿ ಅವುಗಳಲ್ಲೊಂದು. ಜೀವಕೋಶವನ್ನು ಸುತ್ತುವರಿದ ಪೊರೆ ಕೊಬ್ಬಿನ ಅಣುಗಳ ಎರಡು ಪದರಗಳಿಂದಾಗಿದ್ದು, ಅದರ ಒಡಲು ಜಿಡ್ಡಾಗಿರುವುದರಿಂದ ನೀರು ಅದನ್ನು ನಿಧಾನವಾಗಿ ಮಾತ್ರ ದಾಟುತ್ತದೆ. ಪೊಟ್ಯಾಸಿಯಂ, ಸೋಡಿಯಂ ಮೊದಲಾದ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ತಾವಾಗಿ ದಾಟುವುದೇ ಇಲ್ಲವೆನ್ನಬಹುದು. ಈ ಪೊರೆಯಲ್ಲಿ ಆಚೆಯಿಂದ ಈಚೆಯವರೆಗೆ ನಾಟಿಕೊಂಡು, ನಡುವೆ ಕಿರುರಂಧ್ರವೊಂದನ್ನು ಉಳಿಸಿ, ಗೊತ್ತಾದ ಪದಾರ್ಥವನ್ನು ಮಾತ್ರ ಸಾಗಗೊಡುವ ಪ್ರೋಟೀನುಗಳನ್ನು ಚಾನೆಲ್ ಪ್ರೋಟೀನುಗಳೆಂದು ಕರೆಯುತ್ತಾರೆ. ಅವುಗಳಲ್ಲಿ ನೀರನ್ನು ಸಾಗಿಸುವ ಬಳಗಕ್ಕೆ ಅಕ್ವಾಪೋರಿನ್ ಎಂದು ಹೆಸರು.

ಇವುಗಳ ಆಯ್ಕೆಯ ಬಿಗಿ ಬೆರಗು ಹುಟ್ಟಿಸುವಂಥದು. ಪೊಟ್ಯಾಸಿಯಂ ಚಾನೆಲ್ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 10 ಕೋಟಿ ಅಯಾನುಗಳನ್ನು ಸಾಗಿಸಬಲ್ಲದು. ಆದರೂ ಪೊಟ್ಯಾಸಿಯಂಗಿಂತ ಚಿಕ್ಕದಾದ ಸೋಡಿಯಂ ಅದರಲ್ಲಿ ನುಸುಳಲಾರದು. ಅಯಾನು ರಂಧ್ರವನ್ನು ಹೊಗಬೇಕಾದರೆ ತನ್ನ ಸುತ್ತಲಿನ ನೀರಿನ ಅಣುಗಳನ್ನು ಕಳಚಬೇಕು, ಆ ನಷ್ಟವನ್ನು ರಂಧ್ರದ ಗೋಡೆಯ ಆಮ್ಲಜನಕ ಪರಮಾಣುಗಳು ತುಂಬಿಕೊಡಬೇಕು. ಅವುಗಳ ಅಂತರ ಪೊಟ್ಯಾಸಿಯಂನ ಗಾತ್ರಕ್ಕೆ ಸರಿಹೊಂದುತ್ತದೆಯೇ ಹೊರತು ಸೋಡಿಯಂಗೆ ಹೊಂದುವುದಿಲ್ಲ ಎಂಬುದನ್ನು 1998ರಲ್ಲಿ ರೋಡರಿಕ್ ಮೆಕಿನನ್ ಅವರ ತಂಡ ಸ್ಫಟಿಕ ರಚನೆಯಿಂದ ತೋರಿಸಿತು. ಅಕ್ವಾಪೋರಿನ್‌ಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರೊಂದಿಗೆ ಮೆಕಿನನ್ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಒಂದು ಜೀವಿಯಲ್ಲಿ ಇಂಥ ಪ್ರೋಟೀನುಗಳು ಎಷ್ಟಿವೆ, ಯಾವುವು, ಏನನ್ನು ಸಾಗಿಸುತ್ತವೆ ಎಂಬುದನ್ನು ಕಂಪ್ಯೂಟರಿನ ನೆರವಿನಿಂದ ಕಲೆಹಾಕಿ, ಹುಡುಕಲು ಬರುವಂತೆ ಜೋಡಿಸಿಡುವುದು ಜೈವಿಕ ಮಾಹಿತಿ ವಿಜ್ಞಾನದ ಒಂದು ಕೆಲಸ. ರಾಗಿಯ ಮಟ್ಟಿಗೆ ಇದಕ್ಕೆ ಬೇಕಾದ ಮೂಲ ಸಾಮಗ್ರಿ ದೇವನಹಳ್ಳಿಯ ದಾರಿಯಲ್ಲೇ ಸಿದ್ಧವಾಯಿತು: ಬಳ್ಳಾರಿ ರಸ್ತೆಯ ಪಕ್ಕದ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದಲ್ಲಿ ಶೈಲಜಾ ಹಿತ್ತಲಮನಿ ಅವರ ನೇತೃತ್ವದ ತಂಡ ಎಂಎಲ್-365 ಎಂಬ ರಾಗಿ ತಳಿಯ ಜೀನೋಮನ್ನು, ಎಂದರೆ ಅದರ ಡಿಎನ್‌ಎಯ ಇಡೀ ಬರಹವನ್ನು, ಓದಿ ಸುಮಾರು 120 ಕೋಟಿ ಅಕ್ಷರಗಳಷ್ಟನ್ನು ಜೋಡಿಸಿ, ಅದರಲ್ಲಿ 85,243 ಜೀನುಗಳನ್ನು ಗುರುತಿಸಿ 2017ರಲ್ಲಿ ಪ್ರಕಟಿಸಿತು.

ಈ ರಾಶಿಯಿಂದ ಚಾನೆಲ್‌ಗಳನ್ನು ಹೆಕ್ಕುವ ಮೊದಲ ಸುತ್ತು ಯಾಂತ್ರಿಕವಾದದ್ದೇ. ಪ್ರೋಟೀನು ಅಮೈನೋ ಆಮ್ಲಗಳ ಸರಪಣಿಯಾಗಿದ್ದು, ಅದರ ಸುರುಳಿಯಲ್ಲಿ ಒಂದೊಂದು ಕೊಂಡಿಯೂ 1.5 ಆಂಗ್‌ಸ್ಟ್ರಾಮ್ ಉದ್ದ ಕೊಡುತ್ತದೆ. ಪೊರೆಯ ಜಿಡ್ಡಿನ ಭಾಗ ಸುಮಾರು 30 ಆಂಗ್‌ಸ್ಟ್ರಾಮ್ ದಪ್ಪ. ಆದ್ದರಿಂದ ನೀರನ್ನು ಒಲ್ಲದ ಅಮೈನೋ ಆಮ್ಲಗಳು ಸಾಲಾಗಿ ಇಪ್ಪತ್ತರಷ್ಟು ಕಂಡರೆ ಆ ಭಾಗ ಪೊರೆಯನ್ನು ದಾಟುವ ಸುರುಳಿಯಾಗಿರಬಹುದು. ಕೈಟ್ ಮತ್ತು ಡೂಲಿಟಲ್ 1982ರಲ್ಲಿ ಕೊಟ್ಟ ಅಳತೆಪಟ್ಟಿ ಈ ಲೆಕ್ಕಾಚಾರಕ್ಕೆ ಇಂದಿಗೂ ಬಳಕೆಯಲ್ಲಿದೆ. ಅಂಥ ಆರು ಸುರುಳಿಗಳಿದ್ದು, ಆಸ್ಪರಜಿನ್, ಪ್ರೋಲಿನ್, ಅಲನಿನ್ ಎಂಬ ಮೂರು ಅಮೈನೋ ಆಮ್ಲಗಳ ಗುಂಪು ಎರಡು ಕಡೆ ಬಂದರೆ ಅದು ಅಕ್ವಾಪೋರಿನ್ ಬಳಗದ್ದೆಂಬ ಅನುಮಾನ ಬಲವಾಗುತ್ತದೆ. ಬಳಿಕ ಅದನ್ನು ವಿಂಗಡಿಸಿ ಒಂದು ಸಂಖ್ಯೆ ಕೊಡಬೇಕು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಿಲ್ಟನ್ ಸಾಯರ್ ಅವರ ತಂಡ ಕಟ್ಟಿದ ಸಾಗಣೆ ಪ್ರೋಟೀನುಗಳ ದತ್ತಸಂಚಯದಲ್ಲಿ ಚಾನೆಲ್ ಮತ್ತು ರಂಧ್ರಗಳೆಲ್ಲ ಮೊದಲನೆಯ ವರ್ಗಕ್ಕೆ ಸೇರಿದ್ದು, ಸರ್ವೆ ನಂಬರಿಗೆ ಹಿಸ್ಸಾ ನಂಬರು ಸೇರುತ್ತ ಹೋಗುವಂತೆ ವರ್ಗ, ಉಪವರ್ಗ, ಕುಟುಂಬ ಎಂದು ಐದು ಹಂತಗಳಲ್ಲಿ ಗುರುತು ಬೆಳೆಯುತ್ತದೆ.

ನಿಜವಾದ ತೊಡಕು ಶುರುವಾಗುವುದು ಇದಾದ ಮೇಲೆ. ರಾಗಿಯ 36 ವರ್ಣತಂತುಗಳು ಎರಡು ಬೇರೆ ಬೇರೆ ಮೂಲಗಳಿಂದ ಬಂದು ಕೂಡಿಕೊಂಡವು. ಹಾಗಾಗಿ ಬಹಳಷ್ಟು ಜೀನುಗಳಿಗೆ ಬಹುತೇಕ ಒಂದೇ ತೆರನಾದ ಜೋಡಿ ಇರುತ್ತದೆ, ಎರಡು ಸಾಲುಗಳಲ್ಲಿ ಕಾಣುವ ಅಲ್ಪ ವ್ಯತ್ಯಾಸ ಎರಡು ಜೀನುಗಳಿಂದ ಬಂದದ್ದೋ ಓದುವಾಗಿನ ತಪ್ಪಿನಿಂದ ಬಂದದ್ದೋ ಎಂದು ತೀರ್ಮಾನಿಸಬೇಕಾಗುತ್ತದೆ. ಎಣಿಕೆ ಸರಿಹೋದರೂ ಕೆಲಸದ ಹೆಸರು ತಪ್ಪಬಹುದು. ಭತ್ತದ ಎಲ್‌ಎಸ್‌ಐ-1 ಎಂಬ ಪ್ರೋಟೀನು ರಚನೆಯಲ್ಲಿ ಅಕ್ವಾಪೋರಿನ್ ಬಳಗದ್ದು. ಅಕ್ಷರಸಾಲಿನ ಹೋಲಿಕೆಯನ್ನಷ್ಟೇ ನೋಡಿದವರು ಅದನ್ನು ನೀರಿನ ಚಾನೆಲ್ ಎಂದೇ ಬರೆದಾರು. ಆದರೆ ಅದು ಬೇರಿನೊಳಕ್ಕೆ ಸಿಲಿಕಾನನ್ನು ಸಿಲಿಸಿಕ್ ಆಮ್ಲದ ರೂಪದಲ್ಲಿ ಬಿಡುವ ದಾರಿಯೆಂದು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದರು, ಅದೇ ದಾರಿಯಲ್ಲಿ ಆರ್ಸೆನಿಕ್ಕೂ ಒಳಬರುತ್ತದೆಂಬುದು ಆಮೇಲೆ ತಿಳಿಯಿತು. ರಾಗಿಯೂ ಹುಲ್ಲಿನ ಕುಲದ ಸಸ್ಯವೇ ಆದ್ದರಿಂದ ಈ ಎಚ್ಚರಿಕೆ ಅದಕ್ಕೂ ಸಲ್ಲುತ್ತದೆ. ಈಚೆಗೆ ಆಲ್ಫಾಫೋಲ್ಡ್‌ನಂಥ ಸಾಧನಗಳು ಪ್ರೋಟೀನಿನ ಆಕಾರವನ್ನು ಚೆನ್ನಾಗಿಯೇ ಊಹಿಸುತ್ತವೆ. ಆಕಾರ ತಿಳಿದ ಮಾತ್ರಕ್ಕೆ ರಂಧ್ರದಲ್ಲಿ ಏನು ಹಾಯುತ್ತದೆಂಬುದು ಇತ್ಯರ್ಥವಾಗುವುದಿಲ್ಲ.

ಇನ್ನು ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಮತ್ತು ಅಮೆರಿಕದ ಇಸಬೆಲ್ಲಾ ಕಾರ್ಲ್ 1991ರಲ್ಲಿ ರಚನೆ ಬಿಡಿಸಿದ ಜರ್ವಮೈಸಿನ್ ಎಂಬ ಶಿಲೀಂಧ್ರದ ಪೆಪ್ಟೈಡಿನಲ್ಲಿ ಇರುವುದು ಹದಿನಾರೇ ಕೊಂಡಿಗಳು; ಅಂಥ ಹಲವು ಅಣುಗಳು ಗುಂಪುಗೂಡಿ ಪೊರೆಯಲ್ಲಿ ಅಯಾನುಗಳಿಗೆ ದಾರಿ ಮಾಡುತ್ತವೆ. ಅದರ ಸರಪಣಿಯನ್ನು ಕಿಣ್ವಗಳು ಜೋಡಿಸುತ್ತವೆಯೇ ಹೊರತು ಅದರ ಅಕ್ಷರಸಾಲನ್ನು ನೇರವಾಗಿ ಹೇಳುವ ಜೀನು ಇರುವುದಿಲ್ಲ. ಜೀನೋಮನ್ನು ಮಾತ್ರ ಜಾಲಾಡುವ ದತ್ತಸಂಚಯಕ್ಕೆ ಇಂಥದು ಸಿಗುವುದೇ ಇಲ್ಲ.

ಹೀಗಾಗಿ ದತ್ತಸಂಚಯದ ಬೆಲೆ ಅದನ್ನು ಓದಿ ತಿದ್ದುವವರ ವಿವೇಚನೆಯಲ್ಲಿದೆ. ಇದಕ್ಕೆ ಒಳ್ಳೆಯ ಮಾದರಿ ಹೊಸಕೋಟೆಗೆ ಹತ್ತಿರದ ವೈಟ್‌ಫೀಲ್ಡಿನಲ್ಲೇ ಇದೆ. ಅಖಿಲೇಶ್ ಪಾಂಡೆ ಅವರು ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದೊಂದಿಗೆ ಸೇರಿ ಮಾನವ ಪ್ರೋಟೀನುಗಳ ದತ್ತಸಂಚಯವೊಂದನ್ನು ಕಟ್ಟಿ, 2003ರಲ್ಲಿ 2,750 ಪ್ರೋಟೀನುಗಳ ವಿವರಗಳೊಂದಿಗೆ ಲೋಕದ ಮುಂದಿಟ್ಟಿತು. ಜೀವಶಾಸ್ತ್ರ ಬಲ್ಲವರು ಪ್ರಬಂಧಗಳನ್ನು ಒಂದೊಂದಾಗಿ ಓದಿ, ಪ್ರಯೋಗ ಏನನ್ನು ತೋರಿಸಿದೆ ಎಂಬುದನ್ನು ಅರ್ಥಮಾಡಿಕೊಂಡು ದಾಖಲಿಸಿದ್ದು ಅದರ ಹೆಗ್ಗಳಿಕೆ. 2010ರ ಒಂಬತ್ತನೆಯ ಆವೃತ್ತಿಯ ಹೊತ್ತಿಗೆ ದಾಖಲೆಗಳು 30,047ಕ್ಕೆ ಏರಿದ್ದವು. ಇಂಥ ಓದು ನಿಧಾನ, ಖರ್ಚಿನದು, ಕೀರ್ತಿ ತರುವುದೂ ಕಡಿಮೆ; ಹೊಸ ದತ್ತಸಂಚಯ ಕಟ್ಟಲು ಹಣ ಸಿಕ್ಕಷ್ಟು ಸುಲಭವಾಗಿ ಹಳೆಯದನ್ನು ಕಾಪಾಡಲು ಸಿಗುವುದಿಲ್ಲವೆಂಬುದು ಈ ಕ್ಷೇತ್ರದ ಹಳೆಯ ಕೊರಗು.

ರಾಗಿಯ ಚಾನೆಲ್‌ಗಳ ದಾಖಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಣ, ಆದ್ದರಿಂದ, ಆಧಾರದ ಅಂಕಣ: ಹೋಲಿಕೆಯಿಂದ ಊಹಿಸಿದ್ದೋ, ಪ್ರಯೋಗದಿಂದ ತಿಳಿದದ್ದೋ. ಪ್ರಯೋಗವೇನೂ ಅಪರಿಚಿತವಲ್ಲ. 1992ರಲ್ಲಿ ಆಗ್ರೆ ಮತ್ತು ಸಂಗಡಿಗರು ಆಫ್ರಿಕಾದ ಜೆನೋಪಸ್ ಕಪ್ಪೆಯ ಅಂಡಾಣುವಿಗೆ ಅಕ್ವಾಪೋರಿನ್‌ನ ಆರ್‌ಎನ್‌ಎ ಚುಚ್ಚಿ, ಅಂದರೆ ಆ ಪ್ರೋಟೀನನ್ನು ತಯಾರಿಸುವ ಆದೇಶವನ್ನು ಒಳಕ್ಕೆ ಕೊಟ್ಟು, ತೆಳು ದ್ರಾವಣದಲ್ಲಿ ಬಿಟ್ಟಾಗ ಅದು ನೀರು ಕುಡಿದು ಉಬ್ಬಿ ಒಡೆಯಿತು, ಚುಚ್ಚದೆ ಬಿಟ್ಟದ್ದು ಹಾಗೆಯೇ ಉಳಿಯಿತು. ರಾಗಿಯ ಜೀನೊಂದು ನೀರಿನ ದಾರಿಯೆಂದು ಖಚಿತವಾಗಿ ಬರೆಯಬೇಕಾದರೆ ಇದೇ ಬಗೆಯ ಪರೀಕ್ಷೆಯಲ್ಲಿ ಗೆಲ್ಲಬೇಕು. ಅಲ್ಲಿಯವರೆಗೆ ಆ ಅಂಕಣದಲ್ಲಿ "ಊಹೆ" ಎಂದೇ ಇರಬೇಕು.