ಸುಗ್ಗಿಯ ದಿನಗಳ ಗಂಟಲು ನೋವು: ಎಲ್ಲವೂ ದೂಳಿನಿಂದಲ್ಲ

ರಾಗಿ ಒಕ್ಕಣೆ, ಹುರುಳಿ ಬಡಿಯುವುದು, ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಮುಂತಾದ ಕೆಲಸ ನಡೆಯುವಾಗ ಮನೆಯ ಹರೆಯದವರಿಗೆ ಗಂಟಲು ನೋಯುವುದು ಸಾಮಾನ್ಯ. 'ಕಣದ ದೂಳು, ತಾನೇ ಹೋಗುತ್ತದೆ' ಎಂದು ಹಿರಿಯರು ಸುಮ್ಮನಾಗುತ್ತಾರೆ. ಹಲವು ವೇಳೆ ಅದು ನಿಜವೂ ಹೌದು. ಆದರೆ ಕಾರಣಗಳು ಬೇರೆಯೂ ಇವೆ. ರೈತ ಬಾಂಧವರು ಅವನ್ನು ಗುರುತಿಸಲು ಕಲಿಯುವುದು ಒಳಿತು.

ದೂಳು, ಹೊಗೆ: ದೂಳಿನಿಂದ ಬಂದ ನೋವು ಜ್ವರ ತರುವುದಿಲ್ಲ, ಕೆಲಸ ನಿಂತ ಮೇಲೆ ಇಳಿಯುತ್ತದೆ. ತೂರುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಮೂಗು, ಬಾಯಿಗೆ ಬಟ್ಟೆ ಕಟ್ಟಬೇಕು. ಬೀಡಿ ಸೇದುವವರಿಗೆ ಗಂಟಲ ಉರಿ ಹೆಚ್ಚು.

ವೈರಸ್: ಹೆಚ್ಚಿನ ಗಂಟಲು ನೋವಿಗೆ ಇದೇ ಕಾರಣ. ನೆಗಡಿ, ಕೆಮ್ಮು, ದನಿ ಒಡೆಯುವುದು ಜೊತೆಗಿರುತ್ತವೆ. ಸಾಮಾನ್ಯವಾಗಿ ವಾರದಲ್ಲಿ ಗುಣವಾಗುತ್ತದೆ. ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಗಂಟಲು ಮುಕ್ಕಳಿಸಿದರೆ ಸಾಕು. ಇದಕ್ಕೆ ಅಂಗಡಿಯಿಂದ ಆಂಟಿಬಯಾಟಿಕ್ ಮಾತ್ರೆ ತಂದು ನುಂಗುವುದು, ಹುಳುವಿನ ಬಾಧೆಗೆ ಶಿಲೀಂಧ್ರನಾಶಕ ಹೊಡೆದಂತೆ.

ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯ: ಇದ್ದಕ್ಕಿದ್ದಂತೆ ಜ್ವರ, ನುಂಗಲಾರದ ನೋವು, ಟಾನ್ಸಿಲ್ ಮೇಲೆ ಬಿಳಿ ಕಲೆ, ಕತ್ತಿನಲ್ಲಿ ನೋಯುವ ಗಂಟು ಇದ್ದು, ಕೆಮ್ಮು ಇಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಅಲಕ್ಷಿಸಿದರೆ ಕೆಲವರಿಗೆ ಮುಂದೆ ಸಂಧಿವಾತ ಜ್ವರ ಬಂದು ಹೃದಯದ ಕವಾಟಗಳು ಕೆಡುವುದುಂಟು. ವೈದ್ಯರು ಬರೆದಷ್ಟು ದಿನವೂ ಮಾತ್ರೆ ತೆಗೆದುಕೊಳ್ಳಬೇಕು. ನೋವು ಕಡಿಮೆಯಾಯಿತೆಂದು ನಡುವೆ ಬಿಡಕೂಡದು.

ಗ್ರಂಥಿ ಜ್ವರ: ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಬರುವ ಇದು 15ರಿಂದ 24 ವರ್ಷದವರಲ್ಲಿ ಹೆಚ್ಚು. ಎಂಜಲಿನ ಮೂಲಕ ಹರಡುತ್ತದೆ. ಸುಸ್ತು ವಾರಗಟ್ಟಲೆ ಉಳಿಯುತ್ತದೆ; ಗುಲ್ಮ ಊದಿಕೊಳ್ಳಬಹುದು. ಇಂಥ ಹುಡುಗನನ್ನು 'ಮೈಗಳ್ಳ' ಎಂದು ಜರೆದು ಮೂಟೆ ಹೊರಿಸಬಾರದು. ಊದಿದ ಗುಲ್ಮ ಒಡೆದರೆ ಜೀವಕ್ಕೇ ಅಪಾಯ. ಭಾರದ ಕೆಲಸಕ್ಕೆ ವೈದ್ಯರ ಒಪ್ಪಿಗೆ ಬೇಕು.

ಸಿಂಪಡಣೆ ಔಷಧಿ: ಕಟ್ಟಿಕೊಂಡ ನಾಜಲ್ಲನ್ನು ಬಾಯಿಂದ ಊದುವ ಅಭ್ಯಾಸ ಕೂಡದು. ತಂತಿಯಿಂದಲೂ ಕೆರೆಯದೆ ಮೆತ್ತನೆಯ ಬ್ರಷ್ಷಿನಿಂದ, ನೀರಿನಿಂದ ಶುಚಿ ಮಾಡಬೇಕು. ಪ್ಯಾರಾಕ್ವಾಟ್ ಕಳೆನಾಶಕ ಬಾಯಿಗೆ ಹೋದರೆ ಮೊದಲು ಬಾಯಿ, ಗಂಟಲು ಸುಟ್ಟಂತಾಗುತ್ತದೆ; ಆಮೇಲೆ ಮೂತ್ರಪಿಂಡ, ಶ್ವಾಸಕೋಶ ಕೆಡುತ್ತವೆ. ಇದಕ್ಕೆ ಪ್ರತಿವಿಷ ಇಲ್ಲ. ಡಬ್ಬಿಯ ಚೀಟಿಯೊಂದಿಗೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಉಸಿರಾಟಕ್ಕೆ ತೊಂದರೆ, ಬಾಯಿ ತೆರೆಯಲಾಗದಿರುವುದು, ಎಂಜಲನ್ನೂ ನುಂಗಲಾಗದಿರುವುದು, ಗಂಟಲಲ್ಲಿ ಬೂದು ಬಣ್ಣದ ಪೊರೆ ಇವುಗಳಲ್ಲಿ ಯಾವೊಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಬೂದು ಪೊರೆ ಗಂಟಲಮಾರಿಯ ಗುರುತು. ಚುಚ್ಚುಮದ್ದು ತಪ್ಪಿದವರಿಗೆ ಅದರ ಭಯ ಹೆಚ್ಚು. ಇನ್ನಾವುದೇ ಗಂಟಲು ನೋವು ವಾರವಾದರೂ ಇಳಿಯದಿದ್ದರೆ, ಒಕ್ಕಣೆ ಮುಗಿಯಲೆಂದು ಮುಂದೂಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ.