ಹವಳವನ್ನು ಬೆಳೆಯಬಹುದೆ?

ಮದುವೆಯ ತಿಂಗಳು ಹತ್ತಿರವಾದಾಗ ಗಾಂಧಿ ಬಜಾರಿಗೆ ಬರುವವರ ಚೀಟಿಯಲ್ಲಿ ಹೂವು, ವೀಳ್ಯದೆಲೆ, ತೆಂಗಿನಕಾಯಿ, ಅರಿಶಿನ ಕುಂಕುಮಗಳ ಜೊತೆಗೆ ಒಂದು ಪುಟ್ಟ ಬಾಬತ್ತು ಸೇರಿರುವುದುಂಟು: ತಾಳಿಯ ಸರಕ್ಕೆ ಹವಳ. ಕರಿಮಣಿಗಳ ನಡುವೆ ಪೋಣಿಸುವ ಎರಡು ಕೆಂಪು ಮಣಿಗಳಿಲ್ಲದೆ ಮಾಂಗಲ್ಯ ಪೂರ್ಣವಾಗದೆಂದು ನಂಬುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಕುಜನ ಪ್ರೀತ್ಯರ್ಥವಾಗಿ ಉಂಗುರಕ್ಕೆ ಹವಳ ಕಟ್ಟಿಸುವವರು ಬೇರೆ. ಬೆಲೆ ಕೇಳಿದ ಗಿರಾಕಿ ಹುಬ್ಬೇರಿಸುತ್ತಾರೆ. ಅಂಗಡಿಯವರು ‘ಇಟಲಿ ಹವಳ ಅಮ್ಮಾ, ದುಬಾರಿಯೇ’ ಎನ್ನುತ್ತಾರೆ. ಆಗ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಮುತ್ತನ್ನು ಕೃಷಿ ಮಾಡಿ ಅಗ್ಗ ಮಾಡಲಿಲ್ಲವೆ? ಹವಳವನ್ನೇಕೆ ಬೆಳೆಯಬಾರದು?

ಇದು ಬರೀ ಕುತೂಹಲದ ಪ್ರಶ್ನೆಯಾಗಿ ಉಳಿದಿಲ್ಲ. ಅಮೆರಿಕ, ಜರ್ಮನಿಗಳಲ್ಲಿ ಮನೆಯ ನೆಲಮಾಳಿಗೆಯಲ್ಲೇ ಗಾಜಿನ ತೊಟ್ಟಿಗಳನ್ನಿಟ್ಟು ಹವಳ ಬೆಳೆಸಿ ಮಾರುವವರಿದ್ದಾರೆ. ಅದನ್ನು ಕಂಡು ‘ನಾವೂ ಶುರು ಮಾಡಿದರೆ ಹೇಗೆ’ ಎಂದು ಲೆಕ್ಕ ಹಾಕುವ ತರುಣರು ಬೆಂಗಳೂರಿನಲ್ಲೂ ಇರಬಹುದು. ಸಾಲ ತೆಗೆದು ತೊಟ್ಟಿ ಕೊಳ್ಳುವ ಮೊದಲು ಅವರು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಅವುಗಳಲ್ಲಿ ಒಂದನ್ನು ಕಡೆಗಣಿಸಿದರೆ ನಷ್ಟವಷ್ಟೇ ಅಲ್ಲ, ಸೆರೆಮನೆಯೂ ಕಾದಿದೆ.

ಪವಳ ಹವಳವಾದದ್ದು

ಮೊದಲು ಹೆಸರಿನ ಮಾತು. ಸಂಸ್ಕೃತದ ‘ಪ್ರವಾಳ’ ಶಬ್ದಕ್ಕೆ ಎಳೆಯ ಚಿಗುರು ಎಂಬ ಅರ್ಥವೂ ಉಂಟು. ಕೆಂಪಗೆ ಕವಲೊಡೆದ ಕಡ್ಡಿಯನ್ನು ಕಂಡವರಿಗೆ ಚಿಗುರು ನೆನಪಾದದ್ದರಲ್ಲಿ ಆಶ್ಚರ್ಯವಿಲ್ಲ. ಪ್ರವಾಳವು ಹಳಗನ್ನಡದಲ್ಲಿ ಪವಳವಾಯಿತು. ಮುಂದೆ ಪಾಲು ಹಾಲಾಗಿ, ಪೂವು ಹೂವಾದ ದಾರಿಯಲ್ಲೇ ಪವಳವೂ ಹವಳವಾಯಿತು. ತಮಿಳರು ಪಕಾರವನ್ನು ಬಿಡಲಿಲ್ಲ. ಪಾರಿಜಾತವನ್ನು ಅವರು ಇಂದಿಗೂ ‘ಪವಳಮಲ್ಲಿ’ ಎನ್ನುತ್ತಾರೆ. ಬಿಳಿಯ ಹೂವಿನ ಕೆಂಪು ತೊಟ್ಟನ್ನು ನೋಡಿದರೆ ಕಾರಣ ತಿಳಿಯುತ್ತದೆ.

ಹೆಸರು ನಮ್ಮದಾದರೂ ಸರಕು ನಮ್ಮದಲ್ಲ. ಆಭರಣದ ಕೆಂಪು ಹವಳ ಬರುವುದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದಿಂದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಆಲಕಂದಕ’ ಎಂಬ ಹವಳದ ಉಲ್ಲೇಖವಿದೆ. ಇದು ಅಲೆಕ್ಸಾಂಡ್ರಿಯದಿಂದ ಬಂದ ಹವಳವೆಂದು ಕೆಲವು ವಿದ್ವಾಂಸರ ಊಹೆ. (ಈ ಗ್ರಂಥವನ್ನು ಓಲೆಗರಿಯಿಂದ ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು ಎಂಬುದನ್ನು ಇಲ್ಲಿ ನೆನೆಯಬೇಕು.) ಕ್ರಿಸ್ತಶಕ ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಒಂದು ಸ್ವಾರಸ್ಯದ ಮಾತು ಹೇಳುತ್ತಾನೆ. ರೋಮಿನ ಹೆಂಗಸರಿಗೆ ಭಾರತದ ಮುತ್ತು ಹೇಗೋ ಭಾರತೀಯರಿಗೆ ಹವಳ ಹಾಗೆ ಎಂಬುದು ಅದರ ಸಾರಾಂಶ. ಅದೇ ಕಾಲದ ಗ್ರೀಕ್ ನಾವಿಕನೊಬ್ಬನ ಕೈಪಿಡಿಯೂ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿದ್ದ ಸರಕಿನಲ್ಲಿ ಹವಳವನ್ನು ಸೇರಿಸುತ್ತದೆ.

ವಿಜಯನಗರದ ಕಾಲಕ್ಕೂ ಈ ವ್ಯಾಪಾರ ನಿಂತಿರಲಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಬಾರ್ಬೋಸ, ಭಟ್ಕಳದಂಥ ಬಂದರುಗಳ ವ್ಯಾಪಾರವನ್ನು ವರ್ಣಿಸುವಾಗ ಹವಳವನ್ನೂ ಹೆಸರಿಸುತ್ತಾನೆ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಟಲಿಯ ಲಿವೊರ್ನೊ ಬಂದರಿನ ಯಹೂದಿ ವರ್ತಕರು ಗೋವೆಗೆ ಹವಳ ಕಳಿಸಿ, ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು. ಈಗ ಹವಳ ಕೆತ್ತುವ ಕಸುಬಿಗೆ ಹೆಸರಾದ ಊರು ನೇಪಲ್ಸ್ ಬಳಿಯ ಟೋರೆ ದೆಲ್ ಗ್ರೆಕೊ. ಗಾಂಧಿ ಬಜಾರಿನ ಅಂಗಡಿಯಲ್ಲಿ ‘ಇಟಲಿ ಹವಳ’ ಎಂಬ ಮಾತು ಕೇಳಿಬರುವುದರ ಹಿಂದೆ ಎರಡು ಸಾವಿರ ವರ್ಷಗಳ ಸಮುದ್ರಯಾನವಿದೆ.

ಗಿಡವಲ್ಲ, ಕಲ್ಲಲ್ಲ

ಹವಳ ಏನೆಂಬ ವಿಚಾರದಲ್ಲಿ ಪಂಡಿತರೂ ಬಹುಕಾಲ ಎಡವಿದ್ದಾರೆ. 1706ರಲ್ಲಿ ಇಟಲಿಯ ಮಾರ್ಸಿಲಿ ಎಂಬಾತ ಹವಳದ ಕಡ್ಡಿಯನ್ನು ಸಮುದ್ರದ ನೀರಿನಲ್ಲಿಟ್ಟು ನೋಡಿದಾಗ ಬಿಳಿಯ ಹೂಗಳು ಅರಳಿದವು. ಹವಳ ಗಿಡವೇ ಎಂದು ಅವನು ಸಾರಿದ. ಕೆಲವು ವರ್ಷಗಳ ಬಳಿಕ ಮಾರ್ಸೇಲ್ಸ್‌ನ ವೈದ್ಯ ಪೆಸೊನೆಲ್, ಅವು ಹೂಗಳಲ್ಲ, ಪುಟ್ಟ ಪ್ರಾಣಿಗಳು ಎಂದ. ಅವನ ಮಾತನ್ನು ವಿದ್ವತ್ ಲೋಕ ಒಪ್ಪಲು ಹಲವು ವರ್ಷಗಳೇ ಹಿಡಿದವು.

ಈಗ ತಿಳಿದಿರುವಂತೆ ಹವಳವೆಂದರೆ ‘ಪಾಲಿಪ್’ ಎಂಬ ಸಣ್ಣ ಜೀವಿಗಳ ಒಕ್ಕಲು. ನೀರಿನಲ್ಲಿ ಕರಗಿದ ಸುಣ್ಣದಂಶವನ್ನು ಹೀರಿ ಅವು ತಮ್ಮ ಅಸ್ಥಿಪಂಜರ ಕಟ್ಟಿಕೊಳ್ಳುತ್ತವೆ. ಆದರೆ ಕನ್ನಡದಲ್ಲಿ ನಾವು ಒಂದೇ ಹೆಸರಿನಿಂದ ಕರೆಯುವುದು ಎರಡು ಬೇರೆ ಬೇರೆ ಜೀವಿಗಳನ್ನು. ತಾಳಿಗೆ ಪೋಣಿಸುವ ಕೆಂಪು ಹವಳ ಒಂದು. ಲಕ್ಷದ್ವೀಪದಂಥ ಕಡೆ ಹವಳದ ದಿಬ್ಬಗಳನ್ನು ಕಟ್ಟುವ ಜೀವಿ ಇನ್ನೊಂದು. ಮೊದಲನೆಯದರ ಪಾಲಿಪಿಗೆ ಎಂಟು ಕುಡಿಗಳು. ಬೆಳಕು ಕಡಿಮೆಯಿರುವ ಆಳದಲ್ಲಿ, ಬಂಡೆಯ ಗವಿಗಳಲ್ಲಿ ಅದರ ವಾಸ. ನೀರಿನಲ್ಲಿ ತೇಲಿ ಬರುವ ಸೂಕ್ಷ್ಮ ಜೀವಿಗಳೇ ಅದರ ಆಹಾರ. ಎರಡನೆಯದರ ಕುಡಿಗಳು ಆರರ ಲೆಕ್ಕದಲ್ಲಿರುತ್ತವೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಮನೆಮಾಡಿರುತ್ತದೆ. ಬಿಸಿಲಿನಲ್ಲಿ ಆ ಪಾಚಿ ತಯಾರಿಸುವ ಸಕ್ಕರೆಯೇ ಅದಕ್ಕೆ ಮುಖ್ಯ ಊಟ.

ಆಭರಣದ ಹವಳದ ಕೃಷಿ ಏಕೆ ಸಾಧ್ಯವಿಲ್ಲವೆಂಬುದು ಇನ್ನು ಸುಲಭವಾಗಿ ತಿಳಿಯುತ್ತದೆ. ಮುತ್ತಿನ ಚಿಪ್ಪಿನೊಳಗೆ ಮಣಿಯೊಂದನ್ನಿಟ್ಟರೆ ಪ್ರಾಣಿ ಅದಕ್ಕೆ ಮೆರುಗಿನ ಪದರ ಸುತ್ತುತ್ತದೆ. ಒಂದೆರಡು ವರ್ಷಗಳಲ್ಲಿ ಫಸಲು. ಕೆಂಪು ಹವಳಕ್ಕೆ ಅಂಥ ಅಡ್ಡದಾರಿಯಿಲ್ಲ. ಅದರ ಕಡ್ಡಿ ದಪ್ಪವಾಗುವುದು ವರ್ಷಕ್ಕೆ ಸುಮಾರು ಕಾಲು ಮಿಲಿಮೀಟರ್ ಮಾತ್ರ. ಐದು ಮಿಲಿಮೀಟರ್ ದಪ್ಪವಾಗಲು ಇಪ್ಪತ್ತು ವರ್ಷ ಬೇಕು. ಮಗಳು ಹುಟ್ಟಿದ ದಿನ ನೆಟ್ಟರೆ ಅವಳ ಮದುವೆಯ ಹೊತ್ತಿಗೆ ಎರಡು ಮಣಿ! ಯಾವ ಬ್ಯಾಂಕೂ ಇಂಥ ಬೇಸಾಯಕ್ಕೆ ಸಾಲ ಕೊಡಲಾರದು. ಆದ್ದರಿಂದಲೇ ಮೆಡಿಟರೇನಿಯನ್ನಿನಲ್ಲಿ ಹವಳ ತೆಗೆಯುವುದಕ್ಕೆ ಕಟ್ಟುಪಾಡುಗಳು ಬಂದಿವೆ. ಸಮುದ್ರತಳವನ್ನು ಗೋರುವ ಉಪಕರಣಗಳನ್ನು ಐರೋಪ್ಯ ಒಕ್ಕೂಟ 1994ರಲ್ಲೇ ನಿಷೇಧಿಸಿತು. 50 ಮೀಟರಿಗಿಂತ ಕಡಿಮೆ ಆಳದಲ್ಲಿ ತೆಗೆಯಬಾರದು, ಬುಡ 7 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಮುಟ್ಟಬಾರದು ಎಂಬ ನಿಯಮಗಳು 2011 ಮತ್ತು 2012ರಲ್ಲಿ ಸೇರಿಕೊಂಡವು.

ಗಾಜಿನ ತೊಟ್ಟಿಯ ಬೇಸಾಯ

ಹಾಗಾದರೆ ಹೊರದೇಶಗಳಲ್ಲಿ ತೊಟ್ಟಿಯಲ್ಲಿ ಬೆಳೆಯುವುದೇನು? ದಿಬ್ಬ ಕಟ್ಟುವ ಹವಳ ಮತ್ತು ಅದರ ಬಂಧುಗಳಾದ ಮೆದು ಹವಳಗಳನ್ನು. ಅವುಗಳನ್ನು ಕೊಳ್ಳುವವರು ಅಲಂಕಾರದ ಮತ್ಸ್ಯಾಗಾರ ಇಡುವ ಹವ್ಯಾಸಿಗಳು. ಬೆಳೆಸುವ ವಿಧಾನ ನಮ್ಮ ದಾಸವಾಳದ ಕಡ್ಡಿ ನೆಡುವಂಥದೇ. ತಾಯಿ ಹವಳದಿಂದ ಒಂದು ತುಂಡು ಕತ್ತರಿಸಿ, ಗಟ್ಟಿ ಅಂಟಿನಿಂದ ಪಿಂಗಾಣಿಯ ಬಿಲ್ಲೆಗೆ ಅಂಟಿಸುತ್ತಾರೆ. ಕೆಲವು ವಾರಗಳಲ್ಲಿ ಅದು ಬಿಲ್ಲೆಯ ಮೇಲೆ ಹರಡುತ್ತದೆ. ಕೆಲವು ತಿಂಗಳಲ್ಲಿ ಮಾರಾಟಕ್ಕೆ ಸಿದ್ಧ. ಕೊಂಬೆ ಹವಳದ ಕೆಲವು ಜಾತಿಗಳು ವರ್ಷಕ್ಕೆ ಹತ್ತು ಸೆಂಟಿಮೀಟರ್‌ವರೆಗೂ ಬೆಳೆಯುತ್ತವೆ. ಇಂಡೋನೇಷ್ಯಾ, ಫಿಜಿಗಳಲ್ಲಿ ಸಮುದ್ರದಲ್ಲೇ ಮಂಚ ಕಟ್ಟಿ ಬೆಳೆಸುವವರೂ ಇದ್ದಾರೆ.

ಕೇಳಲು ಸುಲಭ, ಕಷ್ಟವಿರುವುದು ನೀರಿನಲ್ಲಿ. ಲೀಟರಿಗೆ 35 ಗ್ರಾಂ ಲವಣ, 25 ಡಿಗ್ರಿ ಆಸುಪಾಸಿನ ಉಷ್ಣತೆ, ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಹಗಲಿರುಳು ತಪ್ಪದೆ ಇರಬೇಕು. 200 ಲೀಟರಿನ ಒಂದು ತೊಟ್ಟಿಗೆ 7 ಕಿಲೋ ಸಮುದ್ರ ಲವಣ ಬೇಕಾಗುತ್ತದೆ. ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಿದರೆ ಪ್ರತಿ ವಾರವೂ 700 ಗ್ರಾಂ. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಹಾಗೆಯೇ ಸುರಿಯುವಂತಿಲ್ಲ, ಪೂರ್ತಿ ಶುದ್ಧೀಕರಿಸಬೇಕು. ಆವಿಯಾದ ನೀರಿಗೆ ಬದಲಾಗಿ ಸಿಹಿನೀರನ್ನೇ ತುಂಬಬೇಕು. ನೀರು ಹೋದರೂ ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದಷ್ಟೆ. ಹೊಸ ತೊಟ್ಟಿಯಲ್ಲಿ ಕೊಳೆಯನ್ನು ಜೀರ್ಣಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ತಿಂಗಳೊಂದಾದರೂ ಕಾಯಬೇಕು. ದೀಪ, ಪಂಪು, ನೀರು ತಣಿಸುವ ಯಂತ್ರ ಸೇರಿ ಸರಾಸರಿ 300 ವಾಟ್ ಎಂದು ಹಿಡಿದರೂ ದಿನಕ್ಕೆ ಏಳು ಯೂನಿಟ್ ವಿದ್ಯುತ್ತಾಯಿತು. ಮಳೆಗಾಳಿಗೆ ಮರ ಬಿದ್ದು ಬಸವನಗುಡಿಯಲ್ಲಿ ಕೆಲವು ಗಂಟೆ ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಆಮ್ಲಜನಕ ಇಳಿಯುತ್ತದೆ, ಒಂದು ವರ್ಷದ ಬೆಳೆ ಒಂದು ರಾತ್ರಿಯಲ್ಲಿ ಹಾಳು. ಮೆದು ಹವಳದ ಬಂಧುಗಳಾದ ಜೋಆಂಥಿಡ್ ಎಂಬ ಜೀವಿಗಳಲ್ಲಿ ಕೆಲವಕ್ಕೆ ತೀವ್ರ ವಿಷವಿದೆ. ಅವನ್ನು ಕೈಗವಸಿಲ್ಲದೆ ಕತ್ತರಿಸಿದವರು, ಅವು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಬೇಯಿಸಿ ಆವಿ ಕುಡಿದವರು ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ನಡೆದಿವೆ.

ಕಾನೂನಿನ ಗೋಡೆ

ಇಷ್ಟನ್ನೂ ಜಾಣತನದಿಂದ ನಿಭಾಯಿಸಬಹುದು. ನಿಭಾಯಿಸಲಾಗದ್ದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಎಲ್ಲವನ್ನೂ ಸೇರಿಸಲಾಯಿತು. ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಉಂಟು. 2022ರ ತಿದ್ದುಪಡಿಯ ಬಳಿಕ ಈ ಅನುಸೂಚಿಯ ಜೀವಿಗಳ ಅಪರಾಧಕ್ಕೆ ಮೂರರಿಂದ ಏಳು ವರ್ಷಗಳ ಸೆರೆವಾಸ, ಜೊತೆಗೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಸತ್ತ ಹವಳದ ತುಂಡನ್ನು ಮಾರಿದರೂ ತಪ್ಪೇ. ‘ನಾನು ಸಮುದ್ರದಿಂದ ತಂದದ್ದಲ್ಲ, ತೊಟ್ಟಿಯಲ್ಲೇ ಬೆಳೆಸಿದ್ದು’ ಎಂಬ ಸಮಜಾಯಿಷಿ ನಿಲ್ಲುವಂತಿಲ್ಲ. ಬಂಧನದಲ್ಲಿ ಹುಟ್ಟಿದ ಪ್ರಾಣಿಯನ್ನೂ ಕಾಯ್ದೆ ಗಣಿಸುತ್ತದೆ. ಹೆಸರು ಪಟ್ಟಿಯಲ್ಲಿಲ್ಲದ ಮೆದು ಹವಳ ತರಿಸಬೇಕೆಂದರೂ ಅರಣ್ಯ ಇಲಾಖೆಯಿಂದ ಲಿಖಿತ ಉತ್ತರ ಪಡೆಯದೆ, ಆಮದಿನ ಪರವಾನಗಿಯಿಲ್ಲದೆ ಕೈಹಾಕುವುದು ಅವಿವೇಕ.

ಬಡ ಉದ್ಯಮಿಯ ಮೇಲೆ ಇಷ್ಟು ಬಿಗಿಯೇಕೆ ಎಂದು ಯಾರಾದರೂ ಕೇಳಬಹುದು. ಸಮುದ್ರ ಒಂದೆರಡು ಡಿಗ್ರಿ ಹೆಚ್ಚು ಕಾದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಕಾವು ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಆಯಿತು. ಅಳಿದುಳಿದದ್ದನ್ನು ತೊಟ್ಟಿಗಾಗಿ ಕಿತ್ತರೆ ಮೀನುಗಾರರ ಮೀನೂ ಹೋಗುತ್ತದೆ, ದ್ವೀಪಕ್ಕೆ ಅಲೆಗಳಿಂದ ಇದ್ದ ತಡೆಯೂ ಹೋಗುತ್ತದೆ. ನಮ್ಮ ರಾಜ್ಯದ ಹವಳಗಳಿಗೆ ಹೆಸರಾದ ತಾಣವೆಂದರೆ ಮುರುಡೇಶ್ವರದಿಂದ ಸುಮಾರು 20 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ. ಅಲ್ಲಿ ಮುಳುಗಿ ನೋಡಿ ಬರಬಹುದು, ಮುರಿದು ತರುವಂತಿಲ್ಲ.

ಭಾರತದಲ್ಲಿ ಹವಳ ನೆಡುವ ಕೆಲಸ ನಡೆದಿಲ್ಲವೆಂದಲ್ಲ. ತೂತ್ತುಕುಡಿಯ ಸಂಶೋಧಕರು ಮನ್ನಾರ್ ಕೊಲ್ಲಿಯಲ್ಲಿ ಹವಳದ ತುಂಡುಗಳನ್ನು ಕಟ್ಟಿ ಬೆಳೆಸಿದ್ದಾರೆ. 2020ರಲ್ಲಿ ಗುಜರಾತಿನ ಮಿಠಾಪುರದ ಬಳಿ, ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯವರು ರಾಜ್ಯದ ಅರಣ್ಯ ಇಲಾಖೆಯ ನೆರವಿನಿಂದ ಉಕ್ಕಿನ ಚೌಕಟ್ಟಿಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸಿ ಹವಳ ಬೆಳೆಸುವ ಪ್ರಯೋಗ ಹೂಡಿದರು. ಇವೆಲ್ಲ ಅನುಮತಿ ಪಡೆದು, ಸಮುದ್ರಕ್ಕೆ ಮರಳಿಸಲು ಮಾಡಿದ ಕೃಷಿ.

ಸಮುದ್ರದ ಜೀವಿಗಳ ಹುಚ್ಚು ಹಿಡಿದ ತರುಣರಿಗೆ ದಾರಿಯೇ ಇಲ್ಲವೆ? ಇದೆ. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿದ್ಯೆಯನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಢಿಗೆ ತಂದಿದೆ. ನೀರು ಕಾಯುವ ಕಲೆ ಹವಳಕ್ಕೂ ಅದಕ್ಕೂ ಒಂದೇ. ಇನ್ನೂ ಸುಲಭದ್ದು ಬೇಕೆನ್ನುವವರಿಗೆ ಸಿಹಿನೀರಿನ ಅಲಂಕಾರದ ಮೀನು, ಜಲಸಸ್ಯಗಳಿವೆ. ಬೆಂಗಳೂರಿಗೆ ಅಂಟಿಕೊಂಡಂತಿರುವ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿದರೆ ಮಾಹಿತಿ ದೊರೆಯುತ್ತದೆ. ಮೊದಲು ಒಂದೇ ತೊಟ್ಟಿಯನ್ನು ಒಂದು ವರ್ಷ ನಡೆಸಿ, ಒಂದು ಬೇಸಿಗೆ, ಒಂದು ಮಳೆಗಾಲ ದಾಟಿಸಿದ ಮೇಲೆ ಸಾಲದ ಮಾತು.

ಕೊಳ್ಳುವವರಿಗೂ ಎರಡು ಮಾತು. ಬೆಳೆಯಲು ಬಾರದ ವಸ್ತು ಅಗ್ಗಕ್ಕೆ ಸಿಕ್ಕರೆ ಅನುಮಾನಿಸಬೇಕು. ಬಿಳಿಯ ಬಿದಿರು ಹವಳಕ್ಕೆ ಕೆಂಪು ಬಣ್ಣ ಹಚ್ಚಿದ್ದು, ಗಾಜು, ಪ್ಲಾಸ್ಟಿಕ್ ಎಲ್ಲವೂ ಹವಳದ ಹೆಸರಿನಲ್ಲಿ ಬರುತ್ತವೆ. ಉಗುರುಬಣ್ಣ ಅಳಿಸುವ ದ್ರವದಲ್ಲಿ ಅದ್ದಿದ ಹತ್ತಿಗೆ ಕೆಂಪು ಹತ್ತಿದರೆ ಅದು ಬಣ್ಣದ ಮಾಲು. ಮಸೂರದಲ್ಲಿ ಗುಳ್ಳೆ ಕಂಡರೆ ಗಾಜು; ನಿಜವಾದ ಹವಳದಲ್ಲಿ ನವಿರಾದ ಗೆರೆಗಳಿರುತ್ತವೆ. ಹವಳ ಸುಣ್ಣದ ಜಾತಿಯದಾದ್ದರಿಂದ ಹುಣಸೆಹಣ್ಣು, ನಿಂಬೆರಸ ತಾಕಿಸಿದರೆ ಮೆರುಗು ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಜ್ಜಿಯ ಸರದಲ್ಲಿ ಹಳೆಯ ಹವಳಗಳಿದ್ದರೆ ಹೊಸದನ್ನು ಕೊಳ್ಳುವ ಅಗತ್ಯವೂ ಇಲ್ಲ. ಮಣಿ ಪೋಣಿಸುವವರ ಕೈಯಲ್ಲಿ ಹೊಸ ದಾರಕ್ಕೆ ಕಟ್ಟಿಸಿಕೊಂಡರೆ ಇನ್ನೊಂದು ತಲೆಮಾರಿಗೆ ಅವೇ ಬಂದಾವು.