‘ಓಪನ್ ಸೋರ್ಸ್ ಆ್ಯಪ್, ವೈರಸ್ ಇರೋಕೆ ಚಾನ್ಸೇ ಇಲ್ಲ’: ಈ ಫಾರ್ವರ್ಡ್ ನಂಬಬಹುದೇ?

ಹಲಸೂರಿನ ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳೆದ ತಿಂಗಳು ಒಂದು ಎಪಿಕೆ ಫೈಲ್ ಬಂತು. ಅದರ ಕೆಳಗೆ ಹೀಗೊಂದು ಸಂದೇಶ: “ವಿಡಿಯೊ ಎಡಿಟಿಂಗ್ ಆ್ಯಪ್, ಪೂರ್ತಿ ಫ್ರೀ. ಓಪನ್ ಸೋರ್ಸ್. ಕೋಡ್ ಎಲ್ಲರಿಗೂ ಕಾಣುತ್ತೆ, ಹಾಗಾಗಿ ವೈರಸ್ ಇರೋಕೆ ಚಾನ್ಸೇ ಇಲ್ಲ. ನಿಮ್ಮ ಎಲ್ಲಾ ಗ್ರೂಪ್‌ಗೂ ಕಳಿಸಿ.” ಪಕ್ಕದ ಮನೆ ಆಂಟಿ ಫೋನ್ ಹಿಡಿದುಕೊಂಡೇ ಬಂದರು. “ಹಾಕ್ಕೊಳ್ಳಲಾ ಮಗಳೇ? ಮೊಮ್ಮಗನ ಹುಟ್ಟಿದಹಬ್ಬದ ವಿಡಿಯೊ ಮಾಡ್ಬೇಕಿತ್ತು.” ಅವರ ಪಿಂಚಣಿ ಬರುವ ಬ್ಯಾಂಕ್ ಆ್ಯಪ್, ಯುಪಿಐ ಎಲ್ಲಾ ಇರೋದು ಅದೇ ಫೋನ್‌ನಲ್ಲಿ. ಸ್ವಲ್ಪ ತಡೀರಿ ಆಂಟಿ ಅಂದೆ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಓಪನ್ ಸೋರ್ಸ್ ಅಂದರೆ ಕೋಡ್ ನೋಡಲು ಅವಕಾಶ ಇದೆ ಎಂದಷ್ಟೇ ಅರ್ಥ. ಯಾರೋ ನೋಡಿದ್ದಾರೆ ಎಂದಲ್ಲ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಕೈಗೆ ಬಂದ ಫೈಲು ಆ ಕೋಡ್‌ನಿಂದಲೇ ತಯಾರಾಯಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ನಾನು ಓದಿದ್ದು ಸಂವಹನ, ಎಂಜಿನಿಯರಿಂಗ್ ಅಲ್ಲ. ಹಾಗಾಗಿ ಭಾನುವಾರ ಹಲಸೂರಿನಲ್ಲಿ ನೇರಳೆ ಮೆಟ್ರೊ ಹತ್ತಿ ಕೆ.ಆರ್. ಪುರದಲ್ಲಿರುವ ಚಿಕ್ಕಪ್ಪನ ಮನೆಗೆ ಹೋದೆ. ತಮ್ಮ ಮೂರನೇ ವರ್ಷದ ಎಂಜಿನಿಯರಿಂಗ್ ಹುಡುಗ. “ಯಾವುದಾದ್ರೂ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರನ್ನ ಸೋರ್ಸ್‌ನಿಂದ ನನ್ನ ಮುಂದೇನೇ ಕಟ್ಟಿ ತೋರ್ಸು” ಅಂದೆ. ಅವನು ಆರಿಸಿದ್ದು ನಾಸ್ಮ್ ಎಂಬ ಅಸೆಂಬ್ಲರ್. ಇಡೀ ಸೋರ್ಸ್‌ನ ಗಂಟು ಒಂದೆರಡು ಎಂಬಿ, ನಾವು ಫೋನ್‌ನಲ್ಲಿ ತೆಗೆಯುವ ಒಂದು ಫೋಟೊಗಿಂತ ಚಿಕ್ಕದು.

ಅಸೆಂಬ್ಲರ್ ಅಂದರೇನು? ಕಂಪ್ಯೂಟರಿನ ಚಿಪ್‌ಗೆ ಅರ್ಥವಾಗುವುದು ಬರೀ ಸಂಖ್ಯೆಗಳು. ‘ಈ ಖಾನೆಯಲ್ಲಿ 1 ಇಡು’ ಎಂದು ಹೇಳಬೇಕಾದರೆ ಇಂಟೆಲ್ ಚಿಪ್‌ಗೆ ‘ಬಿ8 01 00 00 00’ ಎಂಬ ಐದು ಬೈಟ್ ಕೊಡಬೇಕು. ಮನುಷ್ಯರು ಇದನ್ನು ನೆನಪಿಟ್ಟುಕೊಂಡು ಬರೆಯುವುದು ಕಷ್ಟ. ಅದಕ್ಕೇ ‘ಮೂವ್ ಇಎಎಕ್ಸ್, 1’ ಎಂದು ಬರೆಯುತ್ತಾರೆ, ಅದನ್ನು ಬೈಟ್‌ಗಳಾಗಿ ಬದಲಿಸುವುದು ಅಸೆಂಬ್ಲರ್. ಒಂದೊಂದು ಜಾತಿಯ ಚಿಪ್‌ಗೆ ಒಂದೊಂದು ಭಾಷೆ. ಚಿಪ್‌ನ ಕೆಲಸ ನಮ್ಮ ಊರಿಗೆ ಹೊಸದೂ ಅಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಕಚೇರಿ ತೆರೆದದ್ದು ಕಂಟೋನ್ಮೆಂಟ್ ಪಕ್ಕದ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ. ಅಮೆರಿಕಕ್ಕೆ ಡೇಟಾ ಕಳಿಸಲು ಉಪಗ್ರಹ ಸಂಪರ್ಕ ಬೇಕಿತ್ತು, ಅದರ ಸಾಮಾನು ಎತ್ತಿನಗಾಡಿಯಲ್ಲಿ ಬಂದ ಫೋಟೊ ಈಗಲೂ ಓಡಾಡುತ್ತಿರುತ್ತದೆ. (ಆ ಫಾರ್ವರ್ಡ್ ಮಾತ್ರ ನಿಜ!)

ನಾಸ್ಮ್ ಅನ್ನು 1996ರಲ್ಲಿ ಶುರು ಮಾಡಿದವರು ಸೈಮನ್ ಟೇಥಮ್ ಮತ್ತು ಜೂಲಿಯನ್ ಹಾಲ್. ಹೆಸರು ಕೇಳಿರದಿದ್ದರೂ ಅದರ ಫಲ ನೀವು ಉಂಡಿರುತ್ತೀರಿ. ಕಂಪ್ಯೂಟರಿನಲ್ಲಿ ಜೆಪೆಗ್ ಫೋಟೊ ಬೇಗ ತೆರೆಯಲು ನೆರವಾಗುವ ಲಿಬ್‌ಜೆಪೆಗ್-ಟರ್ಬೊ, ವಿಡಿಯೊ ಕುಗ್ಗಿಸುವ ಎಕ್ಸ್264, ಇವುಗಳ ಅತಿ ವೇಗದ ಭಾಗಗಳನ್ನು ಇಂಟೆಲ್ ಚಿಪ್‌ಗಳಿಗಾಗಿ ಕಟ್ಟುವಾಗ ಬಳಸುವುದು ಇದನ್ನೇ. ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ಇಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಅಸೆಂಬ್ಲರ್ ಎಲ್ಲಾ ಕಡೆ ಓಡಿತು ಅಂದಮಾತ್ರಕ್ಕೆ ಅದರಿಂದ ಹುಟ್ಟಿದ ಪ್ರೋಗ್ರಾಂ ಎಲ್ಲಾ ಕಡೆ ಓಡುವುದಿಲ್ಲ. ಒಂದೇ ಕೆಲಸಕ್ಕೆ ಲಿನಕ್ಸ್ ಕೇಳುವ ಸಂಖ್ಯೆ ಬೇರೆ, ಮ್ಯಾಕ್ ಕೇಳುವ ಸಂಖ್ಯೆ ಬೇರೆ. ಆಂಟಿಯ ಫೋನ್‌ನಲ್ಲಿರುವ ಆರ್ಮ್ ಚಿಪ್‌ಗಂತೂ ನಾಸ್ಮ್ ಬರೆಯುವ ಭಾಷೆಯೇ ಬಾರದು.

ಕಟ್ಟುವ ಕೆಲಸ ಶುರುವಾಯಿತು. ತಮ್ಮ ಸೋರ್ಸ್ ಇಳಿಸಿಕೊಂಡು ‘ಕಾನ್ಫಿಗರ್’ ಎಂಬ ಕಮಾಂಡ್ ಕೊಟ್ಟ. ಅಂಥ ಫೈಲೇ ಇಲ್ಲ ಎಂದಿತು ಕಂಪ್ಯೂಟರು. ಹತ್ತು ನಿಮಿಷ ಪರದಾಡಿದ ಮೇಲೆ ತಿಳಿದದ್ದು: ಅವನು ಇಳಿಸಿಕೊಂಡದ್ದು ಪ್ರೋಗ್ರಾಮರ್‌ಗಳು ದಿನವೂ ತಿದ್ದುವ ಗಿಟ್ ಸಂಗ್ರಹವನ್ನು. ಅದರಲ್ಲಿ ಕಾನ್ಫಿಗರ್ ಇರುವುದಿಲ್ಲ, ಅದನ್ನು ಮೊದಲು ‘ಆಟೊಜೆನ್’ ಎಂಬ ಸ್ಕ್ರಿಪ್ಟ್ ಓಡಿಸಿ ಹುಟ್ಟಿಸಿಕೊಳ್ಳಬೇಕು. ಬಿಡುಗಡೆಗೆಂದು ಕಟ್ಟಿಟ್ಟ ಗಂಟಿನಲ್ಲಾದರೆ ಅದು ಸಿದ್ಧವಾಗಿಯೇ ಬರುತ್ತದೆ.

ನನಗೆ ಇದು ಸಣ್ಣ ವಿಷಯ ಅನಿಸಲಿಲ್ಲ. ಎಲ್ಲರೂ ನೋಡುವ ಕೋಡ್ ಒಂದು, ಇಳಿಸಿಕೊಳ್ಳುವ ಗಂಟು ಇನ್ನೊಂದು, ಎರಡರ ನಡುವೆ ಯಾರೋ ಏನೋ ಸೇರಿಸಿರುತ್ತಾರೆ. ಸಾಮಾನ್ಯವಾಗಿ ಅದು ಒಳ್ಳೆಯ ಕಾರಣಕ್ಕೇ. ಆದರೆ 2024ರಲ್ಲಿ ಹಾಗಾಗಲಿಲ್ಲ.

ಎಕ್ಸ್‌ಝಡ್ ಎಂಬ, ಫೈಲ್ ಕುಗ್ಗಿಸುವ ಓಪನ್ ಸೋರ್ಸ್ ಸಾಧನವನ್ನು ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು, ಹೆಸರು ಲಾಸ್ಸೆ ಕಾಲಿನ್. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿಕೊಂಡು ಅವರ ನಂಬಿಕೆ ಗಳಿಸಿದರು, ಕೊನೆಗೆ ಬಿಡುಗಡೆ ಮಾಡುವ ಅಧಿಕಾರವೂ ಸಿಕ್ಕಿತು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಲಿನಕ್ಸ್ ಸರ್ವರ್‌ಗಳಿಗೆ ಕಳ್ಳಬಾಗಿಲು ಇಟ್ಟರು. ವಿಷದ ದೊಡ್ಡ ಭಾಗ ಪರೀಕ್ಷೆಗೆಂದು ಇಟ್ಟ ಫೈಲ್‌ಗಳಂತೆ ವೇಷ ಹಾಕಿ ಕೂತಿತ್ತು. ಅದನ್ನು ಎಬ್ಬಿಸುವ ಸಾಲುಗಳು ಬಿಡುಗಡೆಯ ಗಂಟಿನಲ್ಲಿ ಮಾತ್ರ ಇದ್ದವು, ಗಿಟ್ ಸಂಗ್ರಹದಲ್ಲಿ ಇರಲಿಲ್ಲ. ಎಂದರೆ ಎಲ್ಲರಿಗೂ ಕಾಣುವ ಕಡೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದರೂ ಆ ಸಾಲುಗಳು ಸಿಗುತ್ತಿರಲಿಲ್ಲ.

ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ವೈರಸ್ ಹುಡುಕಲು ಕೂತವರಲ್ಲ. ಬೇರೆ ಏನೋ ಪರೀಕ್ಷೆ ಮಾಡುವಾಗ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಬಿಡದೆ ಬೆನ್ನುಹತ್ತಿ, 2024ರ ಮಾರ್ಚ್ 29ರಂದು ತಾವು ಕಂಡದ್ದನ್ನೆಲ್ಲಾ ಸಾರ್ವಜನಿಕವಾಗಿ ಬರೆದರು. ಪ್ರಮುಖ ಲಿನಕ್ಸ್‌ಗಳ ಸ್ಥಿರ ಆವೃತ್ತಿಗಳಿಗೆ ಅದು ಇನ್ನೂ ತಲುಪಿರಲಿಲ್ಲ. ಇಲ್ಲಿ ಫಾರ್ವರ್ಡ್‌ಗೂ ಒಂದು ಪಾಲು ನ್ಯಾಯ ಸಲ್ಲಬೇಕು: ಸೋರ್ಸ್ ತೆರೆದಿದ್ದರಿಂದಲೇ ಅವರು ಬೇರಿನವರೆಗೆ ಹೋಗಲು ಸಾಧ್ಯವಾಯಿತು. ಆದರೆ ಹಿಡಿದದ್ದು ಬೆನ್ನುಹತ್ತಿದ ಒಬ್ಬ ಮನುಷ್ಯ, ‘ಎಲ್ಲರೂ’ ಅಲ್ಲ.

ಇತ್ತ ನಮ್ಮ ನಾಸ್ಮ್ ತಯಾರಾಯಿತು. ಮರುವಾರ ನನ್ನ ಲ್ಯಾಪ್‌ಟಾಪ್‌ನಲ್ಲೂ ಅದೇ ಸೋರ್ಸ್‌ನಿಂದ ಕಟ್ಟಿದೆವು. ಎರಡು ಫೈಲ್‌ಗಳನ್ನು ಹೋಲಿಸಿದರೆ ತಾಳೆಯಾಗಲಿಲ್ಲ! ಒಂದು ಕ್ಷಣ ಎದೆ ಧಸಕ್ಕೆಂದಿತು. ಕಳ್ಳತನ ಏನೂ ಅಲ್ಲ, ನಾಸ್ಮ್ ತನ್ನನ್ನು ಯಾವ ದಿನ ಕಟ್ಟಲಾಯಿತು ಎಂಬ ತಾರೀಖನ್ನು ಒಳಗೇ ಬರೆದುಕೊಳ್ಳುತ್ತದೆ. ದಿನ ಬದಲಾದರೆ ಬೈಟೂ ಬದಲು. ಕಂಪೈಲರ್ ಬೇರೆಯಾದರೂ ಅಷ್ಟೇ. ಹೀಗೆ ಆಗದಂತೆ ತಾರೀಖು ಮತ್ತು ಸಲಕರಣೆಗಳನ್ನು ಒಂದೇ ಇಟ್ಟು ಕಟ್ಟುವ ವಿಧಾನವೂ ಇದೆ. ಆಗ ಇಬ್ಬರು ಅಪರಿಚಿತರು ಬೇರೆ ಬೇರೆ ಊರಲ್ಲಿ ಕಟ್ಟಿದರೂ ಕೊನೆಯ ಬೈಟ್‌ವರೆಗೂ ಒಂದೇ ಫೈಲ್ ಬರಬೇಕು. ಹಾಗೆ ತಾಳೆಯಾದಾಗ ಮಾತ್ರ ‘ಈ ಫೈಲ್ ಈ ಕೋಡ್‌ನದ್ದೇ’ ಎಂದು ಧೈರ್ಯವಾಗಿ ಹೇಳಬಹುದು.

ಆ ಮಧ್ಯಾಹ್ನ ತಮ್ಮ ಕೂಗಿದ: “ಅಕ್ಕಾ, ಬಗ್ ಸಿಕ್ತು!” ಅವನು ಬರೆದದ್ದು 64 ಬಿಟ್‌ನ ‘ಮೂವ್ ಆರ್‌ಎಎಕ್ಸ್, 1’. ಬೈಟ್‌ಗಳನ್ನು ತಿರುಗಿ ಓದುವ ಎನ್‌ಡಿಸ್ಆ್ಯಸ್ಮ್ ಎಂಬ ಜೊತೆ ಸಾಧನ ತೋರಿಸಿದ್ದು 32 ಬಿಟ್‌ನ ‘ಮೂವ್ ಇಎಎಕ್ಸ್, 1’. ಅವನಾಗಲೇ ‘ನಾಸ್ಮ್ ತಪ್ಪು ಕೋಡ್ ಬರೆಯುತ್ತಿದೆ, ತುರ್ತು’ ಎಂದು ವರದಿ ಟೈಪ್ ಮಾಡಿಟ್ಟಿದ್ದ. ಕಳಿಸುವ ಬಟನ್ ಮೇಲೆ ಬೆರಳು.

ನನಗೆ ಕೋಡ್ ಗೊತ್ತಿಲ್ಲ, ಫಾರ್ವರ್ಡ್ ಗೊತ್ತು. ‘ತುರ್ತು’ ಎಂಬ ಪದ ಕಂಡರೆ ನನಗೆ ಅನುಮಾನ. “ನೀನು ಕಣ್ಣಾರೆ ನೋಡಿದ್ದೇನು, ಊಹೆ ಮಾಡಿದ್ದೇನು? ಬೇರೆ ಬೇರೆ ಬರಿ ನೋಡೋಣ” ಅಂದೆ. ಬರೆಯುತ್ತಾ, ಪ್ರೋಗ್ರಾಂ ಅನ್ನು ಒಂದೇ ಸಾಲಿಗೆ ಇಳಿಸಿದ. ಆಪ್ಟಿಮೈಸೇಷನ್ ಆಫ್ ಮಾಡಿ ಮತ್ತೆ ಓಡಿಸಿದ. ಈಗ ಅವನು ಬಯಸಿದ್ದ 64 ಬಿಟ್ ಆದೇಶವೇ ಬಂತು, ಹತ್ತು ಬೈಟ್ ಉದ್ದ. ವಿಷಯ ಇಷ್ಟೇ: ಈ ಚಿಪ್‌ಗಳಲ್ಲಿ 32 ಬಿಟ್ ಖಾನೆಗೆ ಬರೆದರೆ ಮೇಲಿನ ಅರ್ಧ ತಾನಾಗಿಯೇ ಸೊನ್ನೆಯಾಗುತ್ತದೆ. ಹಾಗಾಗಿ ಅದೇ ಫಲ ಐದು ಬೈಟ್‌ನಲ್ಲಿ ಸಿಗುತ್ತದೆ, ನಾಸ್ಮ್ ಬೇಕೆಂದೇ ಚಿಕ್ಕದನ್ನು ಆರಿಸಿತ್ತು. ಬಗ್ ಅಲ್ಲ, ಜಾಣತನ.

ಆ ವರದಿ ಹೋಗಿದ್ದರೆ ಏನಾಗುತ್ತಿತ್ತು? ಯಾರೋ ಒಬ್ಬರು ತಮ್ಮ ಸಮಯ ಕೊಟ್ಟು ಓದಿ, ಪರೀಕ್ಷಿಸಿ, ಇದು ಬಗ್ ಅಲ್ಲ ಎಂದು ಉತ್ತರಿಸಬೇಕಿತ್ತು. ಒಂದೆರಡಾದರೆ ಪರವಾಗಿಲ್ಲ. ಕರ್ಲ್ ಎಂಬ ಜನಪ್ರಿಯ ಸಾಧನದ ಡೇನಿಯಲ್ ಸ್ಟೆನ್‌ಬರ್ಗ್, ಎಐ ಬರೆದುಕೊಟ್ಟ ಸುಳ್ಳು ಬಗ್ ವರದಿಗಳು ತಮ್ಮ ಸಮಯ ತಿನ್ನುತ್ತಿರುವ ಬಗ್ಗೆ 2024ರ ಜನವರಿಯಲ್ಲೇ ದೂರಿ ಬರೆದಿದ್ದರು. ಓದದೆ ಫಾರ್ವರ್ಡ್ ಮಾಡುವ ಚಟ ಅಲ್ಲಿಗೂ ಹೋಗಿದೆ.

ಚೆಂದದ ವಿಷಯ ಏನೆಂದರೆ, ಬಗ್ ವರದಿ ಹೇಗಿರಬೇಕು ಎಂದು 1999ರಲ್ಲಿ ಬರೆದ ಒಂದು ಲೇಖನ ಇವತ್ತಿಗೂ ಓದಲ್ಪಡುತ್ತಿದೆ, ಬರೆದವರು ನಾಸ್ಮ್ ಶುರು ಮಾಡಿದ ಅದೇ ಸೈಮನ್ ಟೇಥಮ್. ಅದರ ತಿರುಳು ಕಷ್ಟದ್ದಲ್ಲ. ಪ್ರೋಗ್ರಾಮರ್ ತಾನೇ ಆ ತಪ್ಪನ್ನು ಮತ್ತೆ ಆಗಿಸಿ ನೋಡುವಂತೆ ಎಲ್ಲವನ್ನೂ ಹೇಳಬೇಕು: ಯಾವ ಆವೃತ್ತಿ, ಯಾವ ಯಂತ್ರ, ಕೊಟ್ಟ ಕಮಾಂಡ್ ಅಕ್ಷರಶಃ ಏನು, ಬಂದದ್ದೇನು, ಬರಬೇಕಿದ್ದದ್ದೇನು. ನಿಮ್ಮ ಊಹೆ ಇದ್ದರೆ ಹೇಳಿ, ಕಂಡದ್ದರ ಜೊತೆ ಕಲಸಬೇಡಿ. 2018ರ ಫೆಬ್ರುವರಿಯಲ್ಲಿ ಒಂದು ತೆಲುಗು ಅಕ್ಷರ ಬಂದರೆ ಐಫೋನ್‌ನ ಆ್ಯಪ್‌ಗಳು ಕುಸಿಯುತ್ತಿದ್ದದ್ದು ನೆನಪಿದೆಯಾ? ಆ ಅಕ್ಷರವನ್ನೇ ಕಳಿಸಿ ಗೆಳೆಯರನ್ನು ಗೋಳು ಹೊಯ್ದುಕೊಂಡವರೂ ಇದ್ದರು. ‘ಫೋನ್ ಹಾಳಾಗಿದೆ’ ಎಂದಷ್ಟೇ ಹೇಳದೆ ‘ಇದೇ ಅಕ್ಷರ’ ಎಂದು ತೋರಿಸಲು ಆಗುತ್ತಿದ್ದುದರಿಂದ ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. ಅದೇ ತಿಂಗಳು ಐಒಎಸ್ 11.2.6 ಬಂದು ಸರಿಹೋಯಿತು.

ಈಗ ಆಂಟಿಯ ಪ್ರಶ್ನೆ. ಗುಂಪಿಗೆ ಬಂದ ಎಪಿಕೆ ಯಾವ ಸೋರ್ಸ್‌ನಿಂದ, ಯಾರು, ಎಂದು ಕಟ್ಟಿದ್ದು ಎಂಬುದಕ್ಕೆ ಗುರುತೇ ಇಲ್ಲ. ನಿಜವಾದ ಓಪನ್ ಸೋರ್ಸ್ ಆ್ಯಪ್‌ನ ಹೆಸರು, ಚಿತ್ರ ಹಾಕಿಕೊಂಡು ಒಳಗೆ ಬೇರೆಯದನ್ನು ತುಂಬುವುದು ಕಷ್ಟವೇನಲ್ಲ. ಓಪನ್ ಸೋರ್ಸ್ ಆ್ಯಪೇ ಬೇಕಿದ್ದರೆ ಎಫ್-ಡ್ರಾಯ್ಡ್ ಎಂಬ ಸಂಗ್ರಹವಿದೆ. ಅಲ್ಲಿ ಸಾಮಾನ್ಯವಾಗಿ ಆ್ಯಪ್ ಅನ್ನು ಸೋರ್ಸ್‌ನಿಂದ ಅವರೇ ಕಟ್ಟುತ್ತಾರೆ, ಕೆಲವನ್ನು ಮೂಲದವರು ಕಟ್ಟಿದ ಫೈಲ್ ಜೊತೆ ತಾಳೆಯನ್ನೂ ನೋಡುತ್ತಾರೆ. ಇಲ್ಲವೇ ಪ್ಲೇ ಸ್ಟೋರ್ ಸಾಕು. ಎರಡೂ ನೂರಕ್ಕೆ ನೂರು ಸುರಕ್ಷಿತ ಅಂತ ನಾನು ಹೇಳುವುದಿಲ್ಲ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆಗಿಂತ ಎಷ್ಟೋ ವಾಸಿ. ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ ಮೊಬೈಲ್ ಡೇಟಾ, ವೈಫೈ ಆಫ್ ಮಾಡಿ ಅದನ್ನು ತೆಗೆಯಿರಿ, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆಂಟಿ ಫೈಲ್ ಅಳಿಸಿದರು. ಆಮೇಲೆ ಗುಂಪಿಗೆ ಅದನ್ನು ಹಾಕಿದ್ದ ಶಿವಾಜಿನಗರದ ತಮ್ಮ ಸಂಬಂಧಿಕನಿಗೆ ಫೋನ್ ಮಾಡಿ, “ಇದು ನಿಂಗೆ ಯಾರು ಕೊಟ್ರಪ್ಪಾ?” ಎಂದು ಕೇಳಿದರು. ಅವನಿಗೂ ಇನ್ನೊಂದು ಗುಂಪಿನಿಂದ ಬಂದದ್ದಂತೆ. ಅವನು ಆಗಲೇ ಇನ್‌ಸ್ಟಾಲ್ ಮಾಡಿಕೊಂಡಿದ್ದ. ಹೇಗೆ ತೆಗೆಯಬೇಕೆಂದು ಆಂಟಿಯೇ ಫೋನ್‌ನಲ್ಲಿ ಒಂದೊಂದಾಗಿ ಹೇಳಿಕೊಟ್ಟರು.